ಬಸ್ ಸ್ಟ್ಯಾಂಡಿನಿಂದ ಗಿರಿಯವರೆಗೆ: ಎಲ್ಲರ ಜಾಗದ ಒಣ ಕಸದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಕಸದ ಮಾತು ಬಂದರೆ ಎಲ್ಲರೂ ಬೆರಳು ತೋರಿಸುವುದು ಪ್ರವಾಸಿಗರ ಕಡೆಗೆ. ಅದು ಅರ್ಧ ನಿಜ. ಇನ್ನರ್ಧ ನಮ್ಮ ಬಸ್ ಸ್ಟ್ಯಾಂಡು, ನಮ್ಮ ಸಂತೆ, ನಮ್ಮ ಮದುವೆ ಮನೆಗಳಿಂದಲೇ ಬರುತ್ತದೆ. ಬೀದಿ, ಪಾರ್ಕು, ದೇವಸ್ಥಾನ, ಗಿರಿ, ಹೀಗೆ ಎಲ್ಲರೂ ಓಡಾಡುವ ಜಾಗದಲ್ಲಿ ಬೀಳುವ ಬಾಟಲಿ, ರಟ್ಟು, ಡಬ್ಬಿಗಳನ್ನು ಮರುಬಳಕೆಗೆ ಕಳಿಸುವುದು ಹೇಗೆ ಅಂತ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಉತ್ತರಗಳನ್ನು ಹೆಚ್ಚಾಗಿ ಚಿಕ್ಕಮಗಳೂರನ್ನು ನೋಡಿ ಬರೆದಿದ್ದೇವೆ. ಹಾಸನ, ಬೇಲೂರು, ಸಕಲೇಶಪುರದವರಿಗೂ ಹೊಂದುತ್ತವೆ.

ಇನ್ನೊಂದಷ್ಟು ಕಸದ ಬುಟ್ಟಿ ಇಟ್ಟರೆ ಸಾಕಲ್ವಾ?

ಸಾಲದು. ಬುಟ್ಟಿ ಕಸವನ್ನು ಹಿಡಿದಿಡುತ್ತದೆ, ಅಷ್ಟೆ. ಒಂದೇ ಬುಟ್ಟಿಗೆ ಅರ್ಧ ತಿಂದ ಇಡ್ಲಿ, ಸಾಂಬಾರಿನ ಕವರ್, ನೀರಿನ ಬಾಟಲಿ, ನ್ಯೂಸ್‌ಪೇಪರ್ ಎಲ್ಲಾ ಬಿದ್ದರೆ ಏನಾಗುತ್ತದೆ ನೋಡಿ. ಪೇಪರ್ ಸಾಂಬಾರ್ ಹೀರಿಕೊಳ್ಳುತ್ತದೆ. ಬಾಟಲಿಗೆ ಜಿಡ್ಡು ಹತ್ತುತ್ತದೆ. ಸಂಜೆ ಹೊತ್ತಿಗೆ ವಾಸನೆ ಶುರು. ಬೆಳಿಗ್ಗೆ ಮಾರಿದರೆ ನಾಲ್ಕು ಕಾಸು ಬರುತ್ತಿದ್ದ ಸಾಮಾನು ರಾತ್ರಿಯೊಳಗೆ ಯಾರೂ ಮುಟ್ಟದ ಕೊಳೆಯಾಗಿರುತ್ತದೆ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ಬುಟ್ಟಿಯಿಂದಲ್ಲ, ಇನ್ನೊಂದು ತುದಿಯಿಂದ. ಈ ಬಾಟಲಿ, ರಟ್ಟು ಎಲ್ಲಾ ಯಾರು ತಗೊಳ್ಳುತ್ತಾರೆ, ಯಾವಾಗ ಬರುತ್ತಾರೆ, ಹೇಗಿದ್ದರೆ ತಗೊಳ್ಳುತ್ತಾರೆ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ. ಗುಜರಿಯವರನ್ನು ಮಾತಾಡಿಸಿ, ಆಮೇಲೆ ಬುಟ್ಟಿ ಕೊಳ್ಳಿ. ಕೆಳಗಿನ ಮುಕ್ಕಾಲು ಪಾಲು ಉತ್ತರಗಳು ಇದೇ ಮಾತಿನಿಂದ ಹುಟ್ಟಿದವು.

ನಾವು ಬೇರೆ ಬೇರೆ ಹಾಕಿದರೂ ಕೊನೆಗೆ ಒಂದೇ ಗಾಡಿಗೆ ಸುರೀತಾರೆ. ಮತ್ತೆ ಯಾಕೆ ಈ ಕಷ್ಟ?

ಇದು ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ. ಕೇಳುವವರದ್ದು ತಪ್ಪಿಲ್ಲ, ಕೆಲವು ಕಡೆ ಹಾಗೇ ಆಗುತ್ತದೆ. ಆದರೆ ಯಾಕೆ ಹಾಗಾಗುತ್ತದೆ ಅಂತ ನೋಡಬೇಕು.

ಎರಡು ಬುಟ್ಟಿಯಲ್ಲೂ ಕಲಸಿದ ಕಸವೇ ಇದ್ದರೆ ಪೌರಕಾರ್ಮಿಕರು ಅದನ್ನು ಎರಡು ಕಡೆ ಒಯ್ದು ಏನು ಮಾಡಬೇಕು? ಬೆಳಗಿನ ಚಳಿಯಲ್ಲಿ ಕೈ ಹಾಕಿ ಒಂದೊಂದನ್ನೇ ಬಿಡಿಸಲು ಅವರಿಗೆ ಸಮಯವೂ ಇಲ್ಲ, ಹಾಗೆ ಮಾಡಿಸುವುದು ನ್ಯಾಯವೂ ಅಲ್ಲ. ಒಣ ಕಸದ ಬುಟ್ಟಿಯಲ್ಲಿ ನಿಜಕ್ಕೂ ಒಣ ಕಸವೇ ಇದ್ದರೆ ಅದು ಗಾಡಿಯಲ್ಲಿ ಬೇರೆ ಚೀಲಕ್ಕೆ ಹೋಗುವ ಸಾಧ್ಯತೆ ಜಾಸ್ತಿ. ಗಾಡಿಯ ಪಕ್ಕಕ್ಕೆ ನೇತು ಹಾಕಿರುವ ಗೋಣಿಚೀಲಗಳನ್ನು ನೋಡಿದ್ದೀರಲ್ಲ, ಅವು ಅದಕ್ಕೇ ಇರುವುದು. ಅದರಲ್ಲಿ ಬಿದ್ದ ಬಾಟಲಿ, ರಟ್ಟು ಮಾರಾಟವಾಗುತ್ತದೆ.

ಹಸಿ ಕಸ, ಒಣ ಕಸ, ಅಪಾಯದ ಕಸ ಅಂತ ಮೂಲದಲ್ಲೇ ಬೇರೆ ಮಾಡುವುದು 2016ರ ಘನತ್ಯಾಜ್ಯ ನಿಯಮ ಬಂದಾಗಿನಿಂದ ಕಡ್ಡಾಯ. ಹಾಗಾಗಿ ನೀವು ಬೇರೆ ಮಾಡಿಟ್ಟಿದ್ದನ್ನು ಕಣ್ಣೆದುರೇ ಕಲಸಿದರೆ ಸುಮ್ನೆ ಇರಬೇಡಿ. ವಾರ್ಡಿನ ಸದಸ್ಯರಿಗೂ ನಗರಸಭೆಯ ಆರೋಗ್ಯ ನಿರೀಕ್ಷಕರಿಗೂ ಫೋಟೋ ಸಮೇತ ಹೇಳಿ. ಗಾಡಿಯವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಚೀಲ ಕೊಡದೆ, ಎರಡನೇ ಟ್ರಿಪ್ಪಿಗೆ ಡೀಸೆಲ್ ಕೊಡದೆ ಕಳಿಸಿದವರು ಬೇರೆ ಯಾರೋ ಇರುತ್ತಾರೆ.

ಯಾವುದು ಯಾವ ಬುಟ್ಟಿಗೆ? ಹಸಿರು, ನೀಲಿ ಅಂತ ಗೊಂದಲ ಆಗುತ್ತೆ.

ಹಸಿರು ಅಂದರೆ ಹಸಿ ಕಸ. ನೀಲಿ ಅಂದರೆ ಒಣ ಕಸ. ಬಣ್ಣ ಮರೆತರೂ ಪರವಾಗಿಲ್ಲ, ಕೈಯಲ್ಲಿರುವ ಕಸವನ್ನು ಒಮ್ಮೆ ನೋಡಿ. ಕೊಳೆಯುವಂಥದ್ದೋ, ಅಲ್ಲವೋ?

ಬಾಳೆಹಣ್ಣಿನ ಸಿಪ್ಪೆ, ಜೋಳದ ದಿಂಡು, ಕಡಲೆಕಾಯಿ ಸಿಪ್ಪೆ, ಹೂವು, ಬಾಳೆ ಎಲೆ, ಅಡಿಕೆ ಹಾಳೆಯ ತಟ್ಟೆ, ಕಾಫಿ ಚರಟ ಎಲ್ಲಾ ಹಸಿ ಕಸದ ಬುಟ್ಟಿಗೆ. ಕಡಲೆಕಾಯಿ ಸಿಪ್ಪೆ ಒಣಗಿರುತ್ತಲ್ಲ ಅಂತ ಕೆಲವರು ವಾದ ಮಾಡುತ್ತಾರೆ. ಅದು ಗೊಬ್ಬರವಾಗುತ್ತದೆ, ಹಸಿ ಬುಟ್ಟಿಗೇ ಹಾಕಿ. ನೀರಿನ ಬಾಟಲಿ, ಜ್ಯೂಸ್ ಡಬ್ಬಿ, ರಟ್ಟು, ಪೇಪರ್, ಹಾಲಿನ ಕವರ್, ತಗಡಿನ ಡಬ್ಬಿ ಒಣ ಕಸಕ್ಕೆ.

ಗಲಾಟೆ ಇರುವುದು ಮಧ್ಯದ ಸಾಮಾನುಗಳಲ್ಲಿ. ಚುರುಮುರಿ ಪೊಟ್ಟಣದ ಪೇಪರಿಗೆ ಎಣ್ಣೆ, ಈರುಳ್ಳಿ ಹತ್ತಿರುತ್ತದೆ. ಎಣ್ಣೆ ಹೀರಿದ ಪೇಪರ್ ಮರುಬಳಕೆಗೆ ಬರುವುದಿಲ್ಲ, ಅದನ್ನು ಹಸಿ ಕಸಕ್ಕೇ ಹಾಕಿ. ಅರ್ಧ ನೀರಿರುವ ಬಾಟಲಿಯನ್ನು ಗಿಡದ ಬುಡಕ್ಕೆ ಖಾಲಿ ಮಾಡಿ, ತಿರುಚಿ, ಮುಚ್ಚಳ ಹಾಕಿ, ಆಮೇಲೆ ಬುಟ್ಟಿಗೆ ಹಾಕಿ. ತಿರುಚಿದ ಬಾಟಲಿ ಕಡಿಮೆ ಜಾಗ ಹಿಡಿಯುತ್ತದೆ. ಯಾರೋ ಅದಕ್ಕೆ ನಲ್ಲಿ ನೀರು ತುಂಬಿ ಮತ್ತೆ ಮಾರುವುದಕ್ಕೂ ಆಗುವುದಿಲ್ಲ.

ಪೇಪರ್ ಕಪ್ ಪೇಪರೇ ತಾನೇ?

ಅಲ್ಲ. ಬಿಸಿ ಕಾಫಿ ಹಾಕಿದರೂ ಅದು ಯಾಕೆ ನೆನೆದು ಹರಿಯುವುದಿಲ್ಲ ಹೇಳಿ? ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇರುತ್ತದೆ. ಒಂದು ಕಪ್ಪನ್ನು ರಾತ್ರಿ ನೀರಲ್ಲಿ ನೆನೆಸಿಟ್ಟು ಬೆಳಿಗ್ಗೆ ಉಗುರಿನಲ್ಲಿ ಕೆರೆದು ನೋಡಿ. ಪೇಪರ್ ಪೇಸ್ಟಿನ ಹಾಗೆ ಬಿಟ್ಟುಕೊಳ್ಳುತ್ತದೆ, ಕೈಯಲ್ಲಿ ಒಂದು ಸಣ್ಣ ಪ್ಲಾಸ್ಟಿಕ್ ಪೊರೆ ಉಳಿಯುತ್ತದೆ. ಈ ಎರಡನ್ನು ಬೇರೆ ಮಾಡುವ ಯಂತ್ರ ಎಲ್ಲಾ ಊರಲ್ಲಿ ಇರುವುದಿಲ್ಲ, ಗುಜರಿ ಅಂಗಡಿಯಲ್ಲಂತೂ ಇರುವುದೇ ಇಲ್ಲ. ಅದಕ್ಕೆ ಪೇಪರ್ ಕಪ್ಪಿಗೆ ಅಲ್ಲಿ ಬೆಲೆ ಇಲ್ಲ.

ಕಾಫಿ ನಾಡಿನಲ್ಲಿ ನಿಂತು ಒಂದು ಮಾತು ಹೇಳಲೇಬೇಕು. ಸ್ಟೀಲ್ ಲೋಟ ಬಟ್ಟಲಿನಲ್ಲಿ ಕೊಡುತ್ತಿದ್ದ ಹೋಟೆಲುಗಳೂ ಪೇಪರ್ ಕಪ್ಪಿಗೆ ಇಳಿದಿವೆ. ಲೋಟ ತೊಳೆಯುವವರು ಸಿಗುವುದಿಲ್ಲ ಅನ್ನುವ ಕಷ್ಟ ನಿಜ. ಆದರೆ ಗ್ಲಾಸಿನಲ್ಲಿ ಕೊಡುವ ಟೀ ಅಂಗಡಿಗಳು ಇನ್ನೂ ಇವೆ. ಅಲ್ಲಿ ನಿಂತು ಕುಡಿಯಿರಿ. "ಅಣ್ಣ, ಗ್ಲಾಸಲ್ಲೇ ಕೊಡಿ" ಅಂತ ಕೇಳುವವರು ಜಾಸ್ತಿಯಾದರೆ ಉಳಿದವರೂ ಗ್ಲಾಸ್ ಹೊರತೆಗೆಯುತ್ತಾರೆ.

ಚಿಪ್ಸ್, ಬಿಸ್ಕತ್ತು, ಗುಟ್ಕಾ ಪ್ಯಾಕೆಟ್ ಮರುಬಳಕೆ ಆಗುತ್ತಾ?

ಬಾಟಲಿ ಆಗುವ ಹಾಗೆ ಆಗುವುದಿಲ್ಲ. ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಪ್ಯಾಕೆಟ್ಟಿನಲ್ಲಿ ಎರಡು ಮೂರು ಪದರ ಒಂದಕ್ಕೊಂದು ಅಂಟಿರುತ್ತವೆ. ಅವನ್ನು ಬಿಡಿಸುವುದು ಲಾಭದ ಕೆಲಸ ಅಲ್ಲ. ಒಣಗಿದ್ದರೆ, ಚೊಕ್ಕಟವಾಗಿದ್ದರೆ ಇಂಥವನ್ನು ಒತ್ತಿ ಕಟ್ಟಿ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಲ್ಲಿದ್ದಲಿನ ಜೊತೆ ಉರುವಲಾಗಿ ಕಳಿಸುತ್ತಾರೆ. ನಮ್ಮ ರಾಜ್ಯದಲ್ಲಿ ಅಂಥ ಕಾರ್ಖಾನೆಗಳು ಹೆಚ್ಚಾಗಿ ಇರುವುದು ಕಲಬುರಗಿ ಕಡೆ. ಇಲ್ಲಿಂದ ಅಲ್ಲಿಗೆ ಲಾರಿ ಬಾಡಿಗೆ ಕೊಡಬೇಕು. ಅಂದರೆ ಇದು ಖರ್ಚಿನ ಬಾಬ್ತು, ಆದಾಯದ್ದಲ್ಲ. ಆದರೂ ಒಣ ಕಸದ ಬುಟ್ಟಿಗೇ ಹಾಕಿ. ಚರಂಡಿಗಿಂತ ಅದು ವಾಸಿ.

ಹಾಲಿನ ಕವರಿನ ತುದಿ ಕತ್ತರಿಸಬಾರದು ಅಂತಾರಲ್ಲ, ಅಷ್ಟು ಸಣ್ಣದಕ್ಕೆ ಯಾಕೆ ತಲೆ ಕೆಡಿಸಿಕೊಳ್ಳಬೇಕು?

ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಟೀ ಅಂಗಡಿಯಲ್ಲಿ ದಿನಕ್ಕೆ ಎಷ್ಟು ಹಾಲಿನ ಪ್ಯಾಕೆಟ್ ಒಡೆಯುತ್ತಾರೆ ಯೋಚಿಸಿ. ಅಷ್ಟೂ ಮೂಲೆಗಳು ನೇರ ಚರಂಡಿಗೆ ಹೋಗುತ್ತವೆ. ಅವನ್ನು ಹೆಕ್ಕಲು ಯಾರಿಂದಲೂ ಆಗುವುದಿಲ್ಲ. ಪೂರ್ತಿ ಕತ್ತರಿಸದೆ ಒಂದು ಎಳೆ ಅಂಟಿಕೊಂಡಿರುವಂತೆ ಬಿಟ್ಟರೆ ಕವರಿನ ಜೊತೆಗೇ ಇರುತ್ತದೆ. ಹಾಲಿನ ಕವರ್ ಒಳ್ಳೆಯ ಪ್ಲಾಸ್ಟಿಕ್, ಗುಜರಿಯವರು ಬೇಡ ಅನ್ನುವುದಿಲ್ಲ. ಒಂದು ಸಲ ನೀರಲ್ಲಿ ಜಾಲಿಸಿ ತಂತಿಗೆ ಸಿಕ್ಕಿಸಿ ಒಣಗಿಸಿದರೆ ಸಾಕು. ತಿಂಗಳಿಗೊಮ್ಮೆ ಕಂತೆ ಕಟ್ಟಿ ಮಾರುವ ಅಂಗಡಿಯವರು ನಮ್ಮಲ್ಲೂ ಇದ್ದಾರೆ.

ಎಳನೀರಿನ ಬುರುಡೆ?

ಹಸಿ ಕಸವೇ, ಆದರೆ ಬೇರೆ ಬುಟ್ಟಿ ಬೇಕು. ಒಂದು ಎಳನೀರು ಗಾಡಿಯ ಒಂದು ದಿನದ ಬುರುಡೆ ಬೀದಿಯ ಕಸದ ಬುಟ್ಟಿಯನ್ನು ಪೂರ್ತಿ ತುಂಬಿಸಿಬಿಡುತ್ತದೆ. ಹಾಗೇ ರಾಶಿ ಹಾಕಿದರೆ ಮಳೆ ನೀರು ನಿಂತು ಡೆಂಗಿ ಸೊಳ್ಳೆಗೆ ಮನೆಯಾಗುತ್ತದೆ. ಮಾರುವವರೇ ಎರಡು ಹೋಳು ಮಾಡಿ ಬೋರಲು ಹಾಕಿದರೆ ಒಣಗಿ ಒಲೆಗಾಗುತ್ತದೆ, ಪುಡಿ ಮಾಡುವ ಯಂತ್ರ ಇದ್ದರೆ ಗೊಬ್ಬರಕ್ಕಾಗುತ್ತದೆ. ಪ್ಲಾಸ್ಟಿಕ್ ಸ್ಟ್ರಾ 2022ರ ಜುಲೈ 1ರಿಂದ ದೇಶದಲ್ಲೆಲ್ಲಾ ನಿಷೇಧ. ಬುರುಡೆ ಎತ್ತಿ ಕುಡಿದರೆ ಅಂಗಿ ಮೇಲೆ ಸ್ವಲ್ಪ ಚೆಲ್ಲಬಹುದು, ಚೆಲ್ಲಲಿ ಬಿಡಿ.

ಬುಟ್ಟಿ ಎಲ್ಲಿ ಇಡಬೇಕು, ಎಂಥದ್ದು ಇಡಬೇಕು?

ಜನ ಕಸ ಬಿಸಾಡುವುದು ಅದು ಕೈಯಲ್ಲಿ ಖಾಲಿಯಾದ ಜಾಗದಲ್ಲಿ. ಅಂಗಡಿ ಮುಂದೆ ಕೊಂಡು, ನಾಲ್ಕು ಹೆಜ್ಜೆ ಹೋಗಿ, ಕಲ್ಲುಬೆಂಚಿನ ಮೇಲೆ ಕೂತು ತಿಂದು, ಅಲ್ಲೇ ಬಿಡುತ್ತಾರೆ. ಹಾಗಾಗಿ ಬುಟ್ಟಿ ಇರಬೇಕಾದ್ದು ಬೆಂಚಿನ ಪಕ್ಕ, ಬಸ್ ಹತ್ತುವ ಬಾಗಿಲಿನ ಹತ್ತಿರ, ಪಾರ್ಕಿನಿಂದ ಹೊರಬರುವ ಗೇಟಿನಲ್ಲಿ. ಒಂದು ದಿನ ಸಂಜೆ ಎಂ.ಜಿ. ರೋಡಿನಲ್ಲಿ ಅಥವಾ ಆಜಾದ್ ಪಾರ್ಕ್ ವೃತ್ತದ ಹತ್ತಿರ ನಿಂತು ಕಸ ಎಲ್ಲಿ ಜಾಸ್ತಿ ಬೀಳುತ್ತದೆ ಅಂತ ನೋಡಿ ಗುರುತು ಮಾಡಿಕೊಳ್ಳಿ. ನಕ್ಷೆ ಇಟ್ಟುಕೊಂಡು ಆಫೀಸಿನಲ್ಲಿ ಕೂತು ಮಾಡುವ ಕೆಲಸ ಇದಲ್ಲ.

ಒಂಟಿ ಬುಟ್ಟಿ ಬೇಡ. ಒಣ ಕಸದ ಬುಟ್ಟಿ ಒಂದೇ ಇದ್ದರೆ ಅದಕ್ಕೇ ಎಲ್ಲಾ ಬೀಳುತ್ತದೆ, ಹಸಿ ಕಸದ್ದು ಒಂದೇ ಇದ್ದರೂ ಅದೇ ಗತಿ. ಎರಡೂ ಒಂದಕ್ಕೊಂದು ತಾಗಿ ನಿಲ್ಲಬೇಕು. ಒಂದು ಅತ್ತ, ಒಂದು ಇತ್ತ ಇಟ್ಟರೆ ಹತ್ತಿರದ್ದೇ ಗೆಲ್ಲುತ್ತದೆ.

ಬಾಯಿ ಪೂರ್ತಿ ತೆರೆದಿರುವ ಡ್ರಮ್ಮಿಗೆ ಜನ ಮನೆ ಕಸದ ಕವರನ್ನೇ ತಂದು ಹಾಕಿ ಹೋಗುತ್ತಾರೆ. ಒಣ ಕಸದ ಬುಟ್ಟಿಗೆ ಮುಚ್ಚಳ ಇರಲಿ, ಮುಚ್ಚಳದಲ್ಲಿ ಬಾಟಲಿ ತೂರುವಷ್ಟು ದುಂಡನೆಯ ತೂತು ಇರಲಿ. ಊಟದ ಕವರ್ ಅದರಲ್ಲಿ ಹಿಡಿಸುವುದಿಲ್ಲ. ಬುಟ್ಟಿ ಕಂಬಿಯ ಜಾಲರಿಯದ್ದಾದರೆ ಒಳಗೆ ಏನು ಬಿದ್ದಿದೆ ಅಂತ ಹೊರಗಿಂದಲೇ ಕಾಣುತ್ತದೆ. ಬಾಟಲಿಗಳೇ ಕಂಡರೆ ಮುಂದಿನವರೂ ಬಾಟಲಿಯನ್ನೇ ಹಾಕುತ್ತಾರೆ. ದುಬಾರಿ ಸ್ಟೀಲಿನ ಜೋಡಿ ಬುಟ್ಟಿ ಬೇಕಾಗಿಲ್ಲ. ಅವು ಒಂದು ಕಡೆ ವಾಲಿ, ತಿರುಗಣಿ ತುಕ್ಕು ಹಿಡಿದು ನಿಂತಿರುವುದು ಎಲ್ಲಾ ಊರಲ್ಲೂ ಕಾಣುತ್ತದೆ. ಕಬ್ಬಿಣದ ಬಳೆಗೆ ಗೋಣಿಚೀಲ ಸಿಕ್ಕಿಸಿದ ಸ್ಟ್ಯಾಂಡ್ ನಮ್ಮ ವೆಲ್ಡಿಂಗ್ ಅಂಗಡಿಯಲ್ಲೇ ಆಗುತ್ತದೆ. ತುಂಬಿದ ಚೀಲ ತೆಗೆದು ಇನ್ನೊಂದು ಹಾಕುವುದೂ ಸಲೀಸು.

ಬೋರ್ಡಿನಲ್ಲಿ ಉದ್ದ ಬರಹ ಬೇಡ. ಖಾಲಿ ಬಾಟಲಿ, ಜ್ಯೂಸ್ ಡಬ್ಬಿ, ರಟ್ಟಿನ ತುಂಡನ್ನೇ ಬೋರ್ಡಿಗೆ ತಂತಿಯಲ್ಲಿ ಕಟ್ಟಿಬಿಡಿ. ಕನ್ನಡ ಓದಲು ಬಾರದ ಪ್ರವಾಸಿಗರಿಗೂ ಗೊತ್ತಾಗುತ್ತದೆ.

ನಮ್ಮ ಮಳೆಗೆ ಇದೆಲ್ಲ ನಿಲ್ಲುತ್ತಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ದೊಡ್ಡ ತಲೆನೋವು. ಮುಚ್ಚಳವಿಲ್ಲದ ನೀಲಿ ಬುಟ್ಟಿ ಮಲೆನಾಡಿನ ಮಳೆಗಾಲದಲ್ಲಿ ನೀರಿನ ತೊಟ್ಟಿಯಾಗುತ್ತದೆ. ರಟ್ಟು ನೆನೆದರೆ ಬೆಲೆ ಬಿದ್ದುಹೋಗುತ್ತದೆ, ತೂಕ ಮಾತ್ರ ಏರುತ್ತದೆ. ಗುಜರಿಯವರು ಅಷ್ಟು ದಡ್ಡರಲ್ಲ. ಮಳೆಗಾಲಕ್ಕೆ ಬುಟ್ಟಿಗಳನ್ನು ಬಸ್ ಶೆಲ್ಟರ್ ಒಳಗೆ, ಅಂಗಡಿಯ ಸೂರಿನ ಕೆಳಗೆ ಸರಿಸಿ. ತಳಕ್ಕೆ ನೀರು ಇಳಿಯುವ ತೂತು ಇರಲಿ. ರಟ್ಟು, ಪೇಪರನ್ನು ಆ ನಾಲ್ಕು ತಿಂಗಳು ಬೀದಿ ಬುಟ್ಟಿಗೆ ಹಾಕಿಸಲೇ ಬೇಡಿ, ಅಂಗಡಿಯವರು ಒಳಗೇ ಕಟ್ಟಿಟ್ಟು ಕೊಡಲಿ. ಬಾಟಲಿ, ಡಬ್ಬಿ ನೆನೆದರೂ ತೊಂದರೆ ಇಲ್ಲ.

ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯಲ್ಲಿ ಜಾಗ ಜಾಗಕ್ಕೆ ಬುಟ್ಟಿ ಇಡಬಾರದಾ?

ನಮ್ಮ ಅಭಿಪ್ರಾಯ ಕೇಳಿದರೆ, ತುದಿಯಲ್ಲಿ ಬುಟ್ಟಿ ಬೇಡ.

ಕಾರಣ ಇದೆ. ಮುಳ್ಳಯ್ಯನಗಿರಿ 1,900 ಮೀಟರಿಗೂ ಎತ್ತರ, ರಾಜ್ಯದಲ್ಲೇ ಎತ್ತರದ ಶಿಖರ. ಅಲ್ಲಿನ ಗಾಳಿಗೆ ನಿಂತ ಮನುಷ್ಯರೇ ಅಲ್ಲಾಡುತ್ತಾರೆ, ಇನ್ನು ತುಂಬಿದ ಬುಟ್ಟಿಯ ಮೇಲಿನ ಚಿಪ್ಸ್ ಪ್ಯಾಕೆಟ್ ನಿಲ್ಲುತ್ತದೆಯೇ? ಮಂಗಗಳಿಗೆ ಮುಚ್ಚಳ ತೆಗೆಯುವುದು ನಮಗಿಂತ ಚೆನ್ನಾಗಿ ಗೊತ್ತು. ಶನಿವಾರ ಭಾನುವಾರ ಸಾಲು ಸಾಲು ಗಾಡಿ ಏರುವಾಗ ಕಸದ ಗಾಡಿ ಅದೇ ಕಿರಿದಾದ ಘಾಟಿಯಲ್ಲಿ ಹೋಗಿ ಬರಬೇಕು. ಅದು ಬರುವಷ್ಟರಲ್ಲಿ ಬುಟ್ಟಿ ತುಂಬಿ ಸುತ್ತ ಚೆಲ್ಲಿರುತ್ತದೆ. ಬುಟ್ಟಿ ಇದ್ದರೆ ಜನ ಅದರ ಪಕ್ಕದಲ್ಲೂ ಧೈರ್ಯವಾಗಿ ಹಾಕುತ್ತಾರೆ.

ತುಂಬಿದ ಬಾಟಲಿಯನ್ನು ಮೇಲಕ್ಕೆ ಹೊತ್ತವರಿಗೆ ಖಾಲಿ ಬಾಟಲಿ ಕೆಳಗೆ ತರುವುದು ಭಾರವಾಗಬಾರದು. ಬುಟ್ಟಿಗಳ ದೊಡ್ಡ ಸಾಲು ಇರಬೇಕಾದ್ದು ಗಿರಿ ಹತ್ತುವ ದಾರಿಯ ಕೈಮರದ ಹತ್ತಿರ, ಗಾಡಿಗಳು ಇಳಿದು ಬರುವ ಪಕ್ಕದಲ್ಲಿ. ಹತ್ತುವಾಗ ಪ್ರತಿ ಕಾರಿಗೆ ಒಂದು ಬಟ್ಟೆ ಚೀಲ ಕೊಟ್ಟು, ಇಳಿಯುವಾಗ ಅಲ್ಲೇ ಸುರಿಸಿಕೊಂಡು ಚೀಲ ವಾಪಸ್ ಪಡೆದರೆ ಕೆಲಸ ಇನ್ನೂ ಸುಲಭ.

ಇದು ನೋಟದ ಮಾತು ಮಾತ್ರ ಅಲ್ಲ. ಈ ಬೆಟ್ಟಗಳ ನೀರು ಒಂದು ಕಡೆ ಯಗಚಿಗೆ ಇಳಿಯುತ್ತದೆ, ಇನ್ನೊಂದು ಕಡೆ ಅಯ್ಯನಕೆರೆ, ಮದಗದಕೆರೆ ದಾಟಿ ವೇದಾವತಿಗೆ. ಯಗಚಿ ಬೇಲೂರಿನ ಅಣೆಕಟ್ಟು ತುಂಬಿಸಿ, ಗೊರೂರಿನ ಹತ್ತಿರ ಹೇಮಾವತಿಗೆ ಸೇರುತ್ತದೆ. ಚಿಕ್ಕಮಗಳೂರು ಪೇಟೆ ಕುಡಿಯುವುದು ಹಿರೇಕೊಳಲೆ ಕೆರೆ ಮತ್ತು ಯಗಚಿಯ ನೀರನ್ನು. ಗಿರಿಯಲ್ಲಿ ಹಾರಿದ ಕವರ್ ಯಾವನೋ ಬೆಂಗಳೂರಿನವನದ್ದಾದರೂ ನೀರು ನಮ್ಮದು.

ಬಾಬಾಬುಡನ್‌ಗಿರಿಯ ಮಾಣಿಕ್ಯಧಾರಾ ಜಲಪಾತದಲ್ಲಿ ಬಟ್ಟೆ ಬಿಟ್ಟು ಬರುವುದು ನಂಬಿಕೆ. ಅದಕ್ಕೇನು ಮಾಡುವುದು?

ನಂಬಿಕೆಯವರ ಜೊತೆ ಜಗಳ ಬೇಡ. ಮಿಂದು ಉಟ್ಟ ಬಟ್ಟೆಯಲ್ಲಿ ಒಂದನ್ನು ಬಿಟ್ಟು ಬರಬೇಕು ಅಂತ ಬರುವವರಿಗೆ, ನೀರಿನಲ್ಲೇ ಬಿಡಬೇಕು ಅಂತ ಇಲ್ಲ ಅನ್ನುವುದನ್ನು ಅಲ್ಲಿನ ಹಿರಿಯರ ಬಾಯಲ್ಲಿ ಹೇಳಿಸಿದರೆ ಕೇಳುತ್ತಾರೆ. ಮೆಟ್ಟಿಲಿನ ಹತ್ತಿರವೇ ಬಟ್ಟೆಗೆಂದು ಒಂದು ದೊಡ್ಡ ತೊಟ್ಟಿ, ಕೆಳಗೆ ನೀರು ಬಸಿಯುವ ಜಾಲರಿ. ಹತ್ತಿಯ ಬಟ್ಟೆ ಒಣಗಿಸಿದರೆ ಗ್ಯಾರೇಜು, ವರ್ಕ್‌ಶಾಪಿನವರಿಗೆ ಒರೆಸುವ ಬಟ್ಟೆಯಾಗಿ ಬೇಕಾಗುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆಗೆ ಅಷ್ಟು ಗಿರಾಕಿ ಇಲ್ಲ, ಅದು ಕಷ್ಟದ ಪಾಲೇ.

ಬಿಯರ್, ವಿಸ್ಕಿ ಬಾಟಲಿಗಳದ್ದು ಏನು ಕಥೆ?

ಗಾಜು ಎಷ್ಟು ಸಲ ಕರಗಿಸಿದರೂ ಗಾಜೇ. ಬಿಯರ್ ಬಾಟಲಿಯನ್ನಂತೂ ಒಡೆಯದೆ ತೊಳೆದು ಮತ್ತೆ ತುಂಬಿಸುತ್ತಾರೆ. ಆದರೆ ಗಾಜು ಭಾರ, ಬೆಲೆ ಕಡಿಮೆ, ಒಡೆದರೆ ಕೈ ಕುಯ್ಯುತ್ತದೆ. ಅದಕ್ಕೆ ಬಹಳ ಗುಜರಿಯವರು ಮುಖ ತಿರುಗಿಸುತ್ತಾರೆ. ಪ್ಲಾಸ್ಟಿಕ್ ಬಾಟಲಿ ಹೆಕ್ಕುವವರೂ ಗಾಜನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ಘಾಟಿ ರಸ್ತೆಯ ತಿರುವಿನಲ್ಲಿ, ತೋಟದ ಬೇಲಿ ಪಕ್ಕ ಬಿದ್ದ ಸೀಸೆ ಮೊದಲು ಕುಯ್ಯುವುದು ಕಾಫಿ ಕೊಯ್ಯಲು ಬರುವವರ ಕಾಲನ್ನು, ಆಮೇಲೆ ದನದ ಗೊರಸನ್ನು. ಸಕಲೇಶಪುರ, ಆಲೂರು ಕಡೆಯಾದರೆ ಆನೆಯ ಪಾದವನ್ನೂ.

ಇದಕ್ಕೆ ನೆರೆಯ ತಮಿಳುನಾಡಿನ ನೀಲಗಿರಿ ಜಿಲ್ಲೆಯಲ್ಲಿ ಒಂದು ದಾರಿ ಹುಡುಕಿದ್ದಾರೆ. 2022ರಿಂದ ಅಲ್ಲಿ ಸರ್ಕಾರಿ ಮದ್ಯದಂಗಡಿಯಲ್ಲಿ ಬಾಟಲಿಗೆ 10 ರೂಪಾಯಿ ಜಾಸ್ತಿ ತಗೊಳ್ಳುತ್ತಾರೆ. ಖಾಲಿ ಬಾಟಲಿ ವಾಪಸ್ ಕೊಟ್ಟರೆ 10 ರೂಪಾಯಿ ವಾಪಸ್. ಕುಡಿದವರು ಬಿಸಾಡಿದರೂ ಹೆಕ್ಕಿದವರಿಗೆ ಆ ಹಣ ಸಿಗುತ್ತದೆ, ಹಾಗಾಗಿ ಬಾಟಲಿ ಕಾಡಿನಲ್ಲಿ ಉಳಿಯುವುದಿಲ್ಲ. ಹಳೆಯ ಕಾಲದ ಸೋಡಾ ಬಾಟಲಿ ಲೆಕ್ಕವೇ ಇದು, ಹೊಸದೇನಲ್ಲ. ಬುದ್ಧಿ ಹೇಳುವ ನೂರು ಬೋರ್ಡಿಗಿಂತ ಈ ಹತ್ತು ರೂಪಾಯಿ ಮೇಲು ಅಂತ ನಮ್ಮ ಗಟ್ಟಿ ಅನಿಸಿಕೆ. ನಮ್ಮ ಇಡೀ ಜಿಲ್ಲೆಗೆ ತರಲು ಸರ್ಕಾರ ಮನಸ್ಸು ಮಾಡಬೇಕು. ಆದರೆ ಒಂದು ಹೋಂಸ್ಟೇ, ಒಂದು ಕ್ಯಾಂಟೀನು ತನ್ನ ಗಿರಾಕಿಗಳಿಗೆ ಇದೇ ಪದ್ಧತಿ ಇಟ್ಟರೆ ಯಾರ ಅಪ್ಪಣೆಯೂ ಬೇಡ.

ಬಾಟಲಿ ಹಾಕಿದರೆ ಕೂಪನ್ ಕೊಡುವ ಯಂತ್ರ ತರಿಸಬಹುದಾ?

ತರಿಸಬಹುದು. ಉದ್ಘಾಟನೆಯ ಫೋಟೋ ಚೆನ್ನಾಗಿ ಬರುತ್ತದೆ. ಕರೆಂಟು ಹೋದಾಗ, ರೋಲ್ ಖಾಲಿಯಾದಾಗ, ರಿಪೇರಿಯವರು ಮೈಸೂರಿನಿಂದ ಬರಬೇಕಾದಾಗ ಏನು ಮಾಡುತ್ತೀರಿ ಅಂತ ಮೊದಲೇ ಯೋಚಿಸಿ. ಅದೇ ದುಡ್ಡಿನಲ್ಲಿ ಒಬ್ಬರಿಗೆ ವರ್ಷವಿಡೀ ಸಂಬಳ ಕೊಟ್ಟು ಬಸ್ ಸ್ಟ್ಯಾಂಡಿನ ಬುಟ್ಟಿಗಳನ್ನು ನೋಡಿಕೊಳ್ಳಿ ಅಂದರೆ ಜಾಸ್ತಿ ಬಾಟಲಿ ಬರುತ್ತದೆ.

ಜಾತ್ರೆ, ಮದುವೆ, ಅನ್ನಸಂತರ್ಪಣೆಯಲ್ಲಿ ಏನು ಮಾಡಬಹುದು?

ಇಲ್ಲಿ ಕಸ ಬೇರೆ ಮಾಡುವುದಕ್ಕಿಂತ ಹುಟ್ಟದ ಹಾಗೆ ನೋಡಿಕೊಳ್ಳುವುದು ಸುಲಭ.

ಎಲೆಯ ಪಕ್ಕ ಒಂದೊಂದು ಪುಟ್ಟ ನೀರಿನ ಬಾಟಲಿ ಇಡುವ ಚಾಳಿ ಎಲ್ಲಿಂದ ಬಂತೋ. ಅರ್ಧ ಕುಡಿದು ಎಲೆ ಮೇಲೇ ಬಿಟ್ಟು ಏಳುತ್ತಾರೆ. ಆ ಬಾಟಲಿಗೆ ಸಾರು, ಪಾಯಸ ಹತ್ತಿ, ಎಲೆಯ ಜೊತೆ ಮಡಿಸಿಕೊಂಡು ತಿಪ್ಪೆಗೆ ಹೋಗುತ್ತದೆ. ಬಾಟಲಿಯೂ ಹಾಳು, ಎಲೆಯೂ ಗೊಬ್ಬರವಾಗಲಾರದು. ಸ್ಟೀಲ್ ಲೋಟ ಇಟ್ಟು ಜಗ್ಗಿನಲ್ಲಿ ನೀರು ಬಡಿಸಿದರೆ ಇವೆಲ್ಲ ಇಲ್ಲ. ಬಡಿಸಲು ಇಬ್ಬರು ಹುಡುಗರು ಜಾಸ್ತಿ ಬೇಕು, ಅಷ್ಟೆ. ಟೇಬಲ್ಲಿಗೆ ಹಾಸುವ ಪ್ಲಾಸ್ಟಿಕ್ ರೋಲೂ ಬೇಡ. ಊಟವಾದ ಮೇಲೆ ಎಲೆ ಸಮೇತ ಸುತ್ತಿ ಎಸೆಯಲು ಅನುಕೂಲ ಅಂತಲೇ ಅದನ್ನು ಹಾಸುವುದು. ಒಳ್ಳೆಯ ಗೊಬ್ಬರವನ್ನೂ ಅದು ಹಾಗೇ ಸುತ್ತಿ ಹಾಳು ಮಾಡುತ್ತದೆ.

ನಿಂತು ತಿನ್ನುವ ಕಡೆ ಅಡಿಕೆ ಹಾಳೆಯ ತಟ್ಟೆ, ದೊನ್ನೆ ತರಿಸಿ. ಅಡಿಕೆ ಬೆಳೆಯುವ ಜಿಲ್ಲೆಯಲ್ಲಿ ಕೂತು ಥರ್ಮಾಕೋಲ್ ತಟ್ಟೆ ತರಿಸುವುದು ನಾಚಿಕೆ. ಅದರ ಮೇಲೆ ಈಗ ನಿಷೇಧವೂ ಇದೆ.

ನೂರಕ್ಕಿಂತ ಜಾಸ್ತಿ ಜನ ಸೇರಿಸುವವರು ಮೂರು ಕೆಲಸದ ದಿನ ಮೊದಲೇ ನಗರಸಭೆಗೋ ಪಂಚಾಯಿತಿಗೋ ತಿಳಿಸಿ, ಕಸ ಬೇರೆ ಮಾಡಿಸಬೇಕು ಅಂತ 2016ರ ನಿಯಮದಲ್ಲೇ ಬರೆದಿದ್ದರು. ಪರವಾನಗಿ ಇರುವ ಛತ್ರ ಬಿಟ್ಟು ಮೈದಾನ, ಬೀದಿಯಲ್ಲಿ ಮಾಡುವವರಿಗೆ ಇದು. ಎಷ್ಟು ಜನ ಪಾಲಿಸಿದ್ದಾರೋ ದೇವರಿಗೇ ಗೊತ್ತು. ತಿಳಿಸಿದರೆ ನಿಮಗೇ ಲಾಭ, ಗಾಡಿ ಯಾವಾಗ ಬರುತ್ತದೆ ಅಂತ ಗೊತ್ತಿರುತ್ತದೆ.

ಹಾಸನಾಂಬೆಯ ದರ್ಶನದಂಥ ಕಡೆ ಲೆಕ್ಕವೇ ಬೇರೆ. ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಆಶ್ವಯುಜದಲ್ಲಿ, ಅದೂ ಕೆಲವೇ ದಿನ. ಲಕ್ಷಗಟ್ಟಲೆ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತಾರೆ. ಸಾಲು ಬಿಟ್ಟು ಹೋಗಿ ಬುಟ್ಟಿಗೆ ಹಾಕಿ ಬನ್ನಿ ಅಂದರೆ ಯಾರು ಹೋಗುತ್ತಾರೆ? ಬ್ಯಾರಿಕೇಡಿಗೇ ಚೀಲಗಳನ್ನು ಕಟ್ಟಬೇಕು, ಕೈ ಚಾಚಿದರೆ ಸಿಗುವ ಹಾಗೆ. ಸಾಲಿನ ಉದ್ದಕ್ಕೂ ನಲ್ಲಿ ನೀರು, ಲೋಟ ಇದ್ದರೆ ಬಾಟಲಿಯೇ ಅರ್ಧ ಕಡಿಮೆಯಾಗುತ್ತದೆ.

ನಮ್ಮದು ಹೋಂಸ್ಟೇ, ಹಳ್ಳಿಯಲ್ಲಿದೆ. ನಗರಸಭೆ ಗಾಡಿ ಬರಲ್ಲ.

ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಸ್ವಚ್ಛ ಸಂಕೀರ್ಣ ಇದೆಯೇ ಕೇಳಿ. ಒಣ ಕಸ ತಂದು ವಿಂಗಡಿಸುವ ಶೆಡ್ಡಿಗೆ ಆ ಹೆಸರು. ಅದರ ಗಾಡಿ ಸ್ವಚ್ಛ ವಾಹಿನಿ. ಬಹಳ ಪಂಚಾಯಿತಿಗಳಲ್ಲಿ ಸ್ತ್ರೀಶಕ್ತಿ, ಸಂಜೀವಿನಿ ಸಂಘದ ಹೆಂಗಸರೇ ಗಾಡಿ ಓಡಿಸಿ, ವಿಂಗಡಿಸಿ, ಮಾರುತ್ತಾರೆ. ಅವರು ಕೇಳುವ ಶುಲ್ಕ ಕೊಡಿ. ವಾರಾಂತ್ಯದಲ್ಲಿ ರೂಮಿಗೆ ಇಷ್ಟು ಸಾವಿರ ತಗೊಳ್ಳುವವರು ಕಸದ ಶುಲ್ಕಕ್ಕೆ ಚೌಕಾಸಿ ಮಾಡುವುದನ್ನು ನೋಡಿದರೆ ಬೇಜಾರಾಗುತ್ತದೆ. ರೂಮಿನಲ್ಲಿ ಬಾಟಲಿ ನೀರಿನ ಬದಲು ಕುದಿಸಿ ಆರಿಸಿದ ನೀರನ್ನು ಜಗ್ಗಿನಲ್ಲಿ ಇಡಿ. ಅಡುಗೆ ಮನೆಯ ಹಸಿ ಕಸ ತೋಟದ ಗುಂಡಿಗೆ ಸಾಕು, ಯಾವ ಗಾಡಿಯೂ ಬೇಡ.

ಒಣಗಿದ ಎಲೆ ಜೊತೆ ಪ್ಲಾಸ್ಟಿಕ್ ಸೇರಿಸಿ ಒಂದು ಬೆಂಕಿ ಕಡ್ಡಿ ಗೀಚಿದರೆ ಮುಗೀತಲ್ಲ?

ಬೇಡ. ಬಯಲಲ್ಲಿ ಕಸ ಸುಡುವುದು ಕಾನೂನು ಪ್ರಕಾರ ತಪ್ಪು. ಕೆಲವು ಪ್ಲಾಸ್ಟಿಕ್ ಸಣ್ಣ ಉರಿಯಲ್ಲಿ ಸುಟ್ಟರೆ ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಮೊದಲು ಕುಡಿಯುವವರು ಪಕ್ಕದ ಮನೆಯ ಅಜ್ಜಿ, ಮಕ್ಕಳು. ಬೇಸಿಗೆಯಲ್ಲಿ ಹುಲ್ಲುಗಾವಲಿಗೆ ಕಿಡಿ ಹಾರಿದರೆ ಗುಡ್ಡವೇ ಹೋಗುತ್ತದೆ.

ಬುಟ್ಟಿ ಕೆದಕಿ ಚಿಂದಿ ಆಯುವವರು ಕಸ ಹರಡ್ತಾರೆ. ತಡೆಯಬೇಕಲ್ವಾ?

ತಡೆಯಬೇಡಿ, ಜೊತೆಗೆ ಸೇರಿಸಿಕೊಳ್ಳಿ. ನಮ್ಮೂರಲ್ಲಿ ಇಷ್ಟು ವರ್ಷ ಮರುಬಳಕೆ ಅಂತ ಏನಾದರೂ ನಡೆದಿದ್ದರೆ ಅದು ಇವರಿಂದ ಮತ್ತು ಗುಜರಿ ಅಂಗಡಿಗಳಿಂದ. ಯಾವ ಪ್ಲಾಸ್ಟಿಕ್ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ ಕೈಯಲ್ಲಿ ಮುಟ್ಟಿ, ಚರಪರ ಸದ್ದು ಕೇಳಿಯೇ ಹೇಳಿಬಿಡುತ್ತಾರೆ. ಅವರು ಬುಟ್ಟಿ ಬೋರಲು ಹಾಕುವುದು ಬಾಟಲಿ ತಳದಲ್ಲಿ ಸಿಕ್ಕಿಕೊಂಡಿರುವುದರಿಂದ. ಒಣ ಕಸ ಬೇರೆ ಇದ್ದರೆ ಕೆದಕುವ ಕೆಲಸವೇ ಇಲ್ಲ. ಬೀದಿಯ ಬುಟ್ಟಿಗಳನ್ನು ಒಬ್ಬರಿಗೆ ಒಪ್ಪಿಸಿ, ಗ್ಲೌಸ್, ಗುರುತಿನ ಚೀಟಿ ಕೊಡಿಸಿ, ಮಾರಿದ ಹಣ ಅವರೇ ಇಟ್ಟುಕೊಳ್ಳಲಿ. ಅಕ್ಕ, ಅಣ್ಣ ಅಂತ ಕರೆದರೆ ಇನ್ನೂ ಒಳ್ಳೆಯದು.

ತಗಡಿನ ಕೂಲ್‌ಡ್ರಿಂಕ್ ಡಬ್ಬಿಯನ್ನು ಅವರು ಮೊದಲು ಹೆಕ್ಕುವುದು ಯಾಕೆ ಅಂದರೆ ಅದು ಅಲ್ಯೂಮಿನಿಯಂ. ಅದಿರಿನಿಂದ ಹೊಸದಾಗಿ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸುವಾಗ ಶೇ. 95ರಷ್ಟು ಶಕ್ತಿ ಉಳಿಯುತ್ತದೆ. ಅದಕ್ಕೇ ಬೆಲೆ.

ಭಾನುವಾರ ಗೆಳೆಯರೆಲ್ಲಾ ಸೇರಿ ಕಸ ಹೆಕ್ಕೋಣ ಅಂತಿದ್ದೀವಿ.

ಒಳ್ಳೆಯದು, ಬನ್ನಿ. ಒಂದು ಮಾತು. ಗಾಡಿ ಗೊತ್ತು ಮಾಡದೆ ಹೊರಡಬೇಡಿ. ಹೆಕ್ಕಿ, ಚೀಲ ಕಟ್ಟಿ, ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು, ತಿಂಡಿ ತಿಂದು ಮನೆಗೆ ಹೋದರೆ ರಾತ್ರಿ ನಾಯಿಗಳು ಚೀಲ ಹರಿದು ಸೋಮವಾರಕ್ಕೆ ಎಲ್ಲಾ ಮೊದಲಿನ ಹಾಗೇ ಇರುತ್ತದೆ. ಹೆಕ್ಕುವಾಗಲೇ ಗಾಜಿಗೆ ಒಂದು, ಬಾಟಲಿಗೆ ಒಂದು, ಉಳಿದದ್ದಕ್ಕೆ ಒಂದು ಚೀಲ ಹಿಡಿಯಿರಿ. ಗಾಜಿನ ಚೀಲವನ್ನು ಅರ್ಧಕ್ಕಿಂತ ಜಾಸ್ತಿ ತುಂಬಿಸಬೇಡಿ, ಎತ್ತಲು ಆಗುವುದಿಲ್ಲ.

ನಮ್ಮ ಬೀದಿಯಲ್ಲಿ ಶುರು ಮಾಡಬೇಕು. ಮೊದಲು ಏನು?

ಸಣ್ಣದಾಗಿ ಹಿಡಿಯಿರಿ. ಒಂದು ಬಸ್ ಸ್ಟಾಪು, ಒಂದು ಪಾರ್ಕು, ಇಲ್ಲವೇ ಐದಾರು ಅಂಗಡಿಗಳ ಒಂದು ಸಾಲು. ಅಂಗಡಿಯವರ ಜೊತೆ ಕೂತು ಕಾಫಿ ಕುಡಿಯಿರಿ, ಕಸ ಯಾರು ಗುಡಿಸುತ್ತಾರೆ, ಎಲ್ಲಿ ಹಾಕುತ್ತಾರೆ ಕೇಳಿ. ಆ ರಸ್ತೆಯ ಪೌರಕಾರ್ಮಿಕರ ಹೆಸರು ತಿಳಿದುಕೊಳ್ಳಿ. ಗುಜರಿಯವರು ವಾರಕ್ಕೊಮ್ಮೆ ಬರುತ್ತಾರೋ, ನೀವೇ ಒಯ್ಯಬೇಕೋ ಮಾತಾಡಿ. ಬುಟ್ಟಿಯ ಬೀಗ, ಚೀಲ, ತುಂಬಿದರೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಒಬ್ಬರ ತಲೆ ಮೇಲೆ ಇರಲಿ. "ಎಲ್ಲರೂ ನೋಡಿಕೊಳ್ಳೋಣ" ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ.

ಶಾಲೆ ಹತ್ತಿರವಿದ್ದರೆ ಮಕ್ಕಳನ್ನು ಸೇರಿಸಿಕೊಳ್ಳಿ, ಆದರೆ ಕಸ ಹೆಕ್ಕಿಸಲು ಅಲ್ಲ. ಬುಟ್ಟಿಯ ಬೋರ್ಡಿಗೆ ಚಿತ್ರ ಬರೆಯಲಿ. ತಾವು ಬರೆದ ಬೋರ್ಡಿನ ಕೆಳಗೆ ಅಪ್ಪ ತಪ್ಪು ಬುಟ್ಟಿಗೆ ಹಾಕಿದರೆ ಬಿಡುವುದಿಲ್ಲ ಅವರು.

ಬ್ಯಾಟರಿ, ಮಾತ್ರೆ ಪಟ್ಟಿ, ಡೈಪರ್, ಪ್ಯಾಡ್ ಇವೆಲ್ಲ ಬೀದಿ ಬುಟ್ಟಿಗೆ ಹಾಕಬಹುದಾ?

ಬ್ಯಾಟರಿ ಹಾಕಲೇಬೇಡಿ. ಮೊಬೈಲು, ಪವರ್ ಬ್ಯಾಂಕಿನ ಬ್ಯಾಟರಿ ಗಾಡಿಯಲ್ಲಿ ಒತ್ತಿದರೆ ಹೊತ್ತಿಕೊಳ್ಳಬಹುದು. ಮನೆಯಲ್ಲೇ ಒಂದು ಡಬ್ಬಿಯಲ್ಲಿ ಕೂಡಿಟ್ಟು ಅಪಾಯದ ಕಸದ ಜೊತೆ ಕೊಡಿ. ಹಳೇ ಮಾತ್ರೆಗಳನ್ನೂ ಹಾಗೇ. ಡೈಪರ್, ಪ್ಯಾಡ್‌ಗಳನ್ನು ನ್ಯೂಸ್‌ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಪೆನ್ನಿನಲ್ಲಿ ಒಂದು ದೊಡ್ಡ ಗುರುತು ಹಾಕಿ, ಬೆಳಿಗ್ಗೆ ಗಾಡಿ ಬಂದಾಗ ಕೈಗೆ ಕೊಡಿ. ಒಡೆದ ಗಾಜಿನ ಲೋಟವನ್ನೂ ಹೀಗೇ ದಪ್ಪಗೆ ಸುತ್ತಿ, "ಗಾಜು ಇದೆ" ಅಂತ ಬಾಯಲ್ಲಿ ಹೇಳಿ ಕೊಡಿ.